ಬರುತ್ತದೆ ಅನ್ನಿ, ಇಲ್ಲ ಅನ್ನಿ, ಏನಾದರೂ ಒಂದು ಹೇಳಿ: ಹಳೆಯ ಆರ್‌ಪಿಜಿಗಳ ಹಕ್ಕುದಾರರಿಗೆ ಬಹಿರಂಗ ಪತ್ರ

ಇವರಿಗೆ,
ಹಳೆಯ ರೋಲ್ ಪ್ಲೇಯಿಂಗ್ ಆಟಗಳ ಹಕ್ಕು ಹೊಂದಿರುವ ಕಂಪನಿಗಳ ಮುಖ್ಯಸ್ಥರು

ವಿಷಯ: ರೀಮಾಸ್ಟರ್ ಗಾಳಿಸುದ್ದಿಗಳು ಮತ್ತು ನಿಮ್ಮ ಮೌನ

ಮಾನ್ಯರೇ,

ನಾನು ಹಳೆಯ ಆರ್‌ಪಿಜಿಗಳನ್ನು, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ವಿಡಿಯೋ ಗೇಮ್‌ಗಳನ್ನು, ಆಡುತ್ತಾ ಬೆಳೆದವನು, ಈಗಲೂ ಆಡುವವನು. ಹೊಸ ಆಟಗಳ ಮೇಲೆ ನನಗೇನೂ ದೂರಿಲ್ಲ. ದೂರು ಇರುವುದು ನಿಮ್ಮ ಕೈಯಲ್ಲಿರುವ ಹಳೆಯ ಆಟಗಳ ವಿಚಾರದಲ್ಲಿ. ಅವುಗಳ ರೀಮಾಸ್ಟರ್, ಅಂದರೆ ಹೊಸ ಯಂತ್ರಗಳಿಗೆ ಹೊಂದುವಂತೆ ಸುಧಾರಿಸಿದ ಆವೃತ್ತಿ, ಬರುತ್ತಂತೆ ಅನ್ನುವ ಸುದ್ದಿ ವರ್ಷವಿಡೀ ಓಡಾಡುತ್ತಿರುತ್ತದೆ. ಒಂದು ತಣ್ಣಗಾಗುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಪ್ರತಿ ಸಲವೂ ನೀವು ಬಾಯಿ ಬಿಡುವುದಿಲ್ಲ. ಈ ಮೌನದಿಂದ ಏನೇನು ಹಾಳಾಗುತ್ತಿದೆ ಅಂತ ತಿಳಿಸಲು, ಒಂದು ಕೋರಿಕೆ ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಗಾಳಿಸುದ್ದಿಯನ್ನು ನಂಬಬೇಡಿ ಅಂತ ನಮಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಂಬಲು ಕಾರಣ ಕೊಟ್ಟವರು ನೀವೇ. 2021ರ ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ ಕಂಪನಿಯ, ಇಂಟರ್ನೆಟ್ ಮೂಲಕ ಆಟ ಆಡಿಸುವ ಜಿಫೋರ್ಸ್ ನೌ ಸೇವೆಯಿಂದ ಆಟಗಳ ಒಂದು ಉದ್ದ ಪಟ್ಟಿ ಹೊರಬಿತ್ತು. ಪಟ್ಟಿ ನಮ್ಮದೇ, ಆದರೆ ಅದರಲ್ಲಿ ಬರೀ ಊಹೆಯ ಹೆಸರುಗಳೂ ಇವೆ, ಒಳಗಿನ ಪರೀಕ್ಷೆಗೆ ಮಾತ್ರ ಇಟ್ಟುಕೊಂಡದ್ದು ಅಂತ ಕಂಪನಿ ಹೇಳಿತು. ಆ ಪಟ್ಟಿಯಲ್ಲಿ ಕ್ರೋನೋ ಕ್ರಾಸ್ ರೀಮಾಸ್ಟರ್ ಇತ್ತು; 2022ರ ಏಪ್ರಿಲ್‌ನಲ್ಲಿ ಬಂತು. ಟ್ಯಾಕ್ಟಿಕ್ಸ್ ಓಗರ್ ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ಬಂತು. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಇತ್ತು. ಅದು ಕೈಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್ ಕೊನೆಗೆ. ನಾಲ್ಕು ವರ್ಷ ಆಯಿತು. ಆ ವರ್ಷದ ಜೂನ್‌ನಲ್ಲಿ ಘೋಷಣೆ ಆಗುವವರೆಗೂ ಅದು ನಿಜವೋ ಸುಳ್ಳೋ ಅಂತ ಯಾರಿಗೂ ತಿಳಿಯಲಿಲ್ಲ.

ಅಬ್ಲಿವಿಯನ್ ಕಥೆಯೂ ಹಾಗೇ. ಅದು ಯಾರಿಗೂ ಗೊತ್ತಿಲ್ಲದ ಆಟವೇನಲ್ಲ, ಆದರೂ ಹೇಳುತ್ತೇನೆ. 2023ರಲ್ಲಿ ಅಮೆರಿಕದ ನ್ಯಾಯಾಲಯದ ಪ್ರಕರಣವೊಂದರ ದಾಖಲೆಗಳಲ್ಲಿ ಅದರ ರೀಮಾಸ್ಟರ್ ಹೆಸರು ಕಾಣಿಸಿತು. 2025ರ ಏಪ್ರಿಲ್ 22ರಂದು ಘೋಷಣೆಯೂ ಬಿಡುಗಡೆಯೂ ಒಂದೇ ದಿನ ಆಯಿತು. ಅದರ ಹಿಂದಿನ ದಿನದವರೆಗೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆಯೇ ಇತ್ತು.

ಹೀಗೆ ಹತ್ತು ಸುದ್ದಿಗಳಲ್ಲಿ ಒಂದೆರಡು ನಿಜವಾಗಿಬಿಡುತ್ತವೆ. ಉಳಿದವನ್ನೂ ಕೈಬಿಡಲು ಮನಸ್ಸು ಬರುವುದಿಲ್ಲ. ಟ್ರೇಡ್‌ಮಾರ್ಕ್ ನವೀಕರಣದ ಒಂದು ಸಾಲು, ಆಟಗಳಿಗೆ ವಯೋಮಿತಿ ನಿಗದಿ ಮಾಡುವ ಯಾವುದೋ ದೇಶದ ರೇಟಿಂಗ್ ಮಂಡಳಿಯ ಪಟ್ಟಿಯಲ್ಲಿ ಒಂದು ಹೆಸರು, ಯಾರದೋ ಉದ್ಯೋಗ ವಿವರದಲ್ಲಿ 'ಹೆಸರು ಹೇಳುವಂತಿಲ್ಲದ ಆರ್‌ಪಿಜಿ ಮರುಬಿಡುಗಡೆ' ಅನ್ನುವ ಮಾತು. ಇಷ್ಟು ಸಾಕು, ಸಾವಿರಾರು ಜನ ಕಣ್ಣಲ್ಲಿ ಕಣ್ಣಿಟ್ಟು ಕಾಯಲು ಶುರುಮಾಡುತ್ತಾರೆ. ನಿಮ್ಮ ಜಾಹೀರಾತು ವಿಭಾಗಕ್ಕೆ ಇದು ಖರ್ಚಿಲ್ಲದ ಪ್ರಚಾರ ಅನ್ನಿಸಬಹುದು. ದೊಡ್ಡ ಆಟಕ್ಕೆ ಅದು ಸರಿ ಇರಬಹುದು. ಸಣ್ಣ ಆಟಕ್ಕೆ ಅದರಿಂದ ಹಾನಿಯೇ ಜಾಸ್ತಿ.

ಹಾನಿ ಹೇಗೆ ಅಂತ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಜಪಾನಿನಲ್ಲಿ ಮಾತ್ರ ಬಿಡುಗಡೆಯಾಗಿದ್ದ ಒಂದು ಆರ್‌ಪಿಜಿಯನ್ನು ಇಂಗ್ಲಿಷಿಗೆ ತರಲು ಕೆಲವು ಅಭಿಮಾನಿಗಳು ಕೂತಿದ್ದರು. ಅವರಲ್ಲಿ ಇಬ್ಬರು ನನಗೆ ಪರಿಚಯ. ಈ ಕೆಲಸ ಏನಂತ ನಿಮಗೆ ಗೊತ್ತಿರಲಿ. ಆಟದ ಒಳಗಿನಿಂದ ಸಂಭಾಷಣೆಯ ಸಾಲುಗಳನ್ನು ಒಂದೊಂದಾಗಿ ಹೊರತೆಗೆಯಬೇಕು. ಯಾವ ಸಾಲು ಯಾವ ಪಾತ್ರದ್ದು, ಯಾವ ದೃಶ್ಯದ್ದು ಅಂತ ಆಡಿ ನೋಡಿಯೇ ತಿಳಿಯಬೇಕು. ಮೆನುವಿನಲ್ಲಿ ಒಂದು ಕತ್ತಿಯ ಹೆಸರಿಗೆ ಕೊಟ್ಟ ಜಾಗ ಮೂರ್ನಾಲ್ಕು ಜಪಾನಿ ಅಕ್ಷರಗಳಷ್ಟೇ. ಇಂಗ್ಲಿಷ್ ಹೆಸರು ಅದರಲ್ಲಿ ಹಿಡಿಸುವುದಿಲ್ಲ. ಅಕ್ಷರಗಳನ್ನು ತೆಳ್ಳಗೆ ಮತ್ತೆ ಬರೆಯಬೇಕು, ಆಟದ ಕೋಡನ್ನೇ ಬಿಚ್ಚಿ ಆ ಜಾಗ ಹಿಗ್ಗಿಸಬೇಕು. ಸಂಬಳ ಇಲ್ಲ. ಆಫೀಸು ಮುಗಿಸಿ ಬಂದು ರಾತ್ರಿ ಮಾಡುವ ಕೆಲಸ. ಅರ್ಧ ದಾಟಿದ್ದರು. ಆಗ ಆ ಆಟದ ಅಧಿಕೃತ ರೀಮಾಸ್ಟರ್ ಬರುತ್ತದೆ ಅಂತ ಸುದ್ದಿ ಎದ್ದಿತು. ಅಧಿಕೃತವಾಗಿಯೇ ಬರುವುದಾದರೆ ನಾವು ಯಾಕೆ ಕಷ್ಟಪಡಬೇಕು, ಮೇಲಾಗಿ ವಕೀಲರ ನೋಟಿಸು ಬಂದರೆ ಏನು ಗತಿ ಅಂತ ನಿಲ್ಲಿಸಿದರು. ಕಂಪನಿಗೆ ಬರೆದು ಕೇಳಿದರು. ಉತ್ತರ ಬರಲಿಲ್ಲ. ರೀಮಾಸ್ಟರೂ ಬರಲಿಲ್ಲ. ಆ ತಂಡ ಈಗ ಚದುರಿಹೋಗಿದೆ. ಒಬ್ಬರಿಗೆ ಮಗು ಆಯಿತು, ಇನ್ನೊಬ್ಬರು ಬೇರೆ ಕೆಲಸ ಹಿಡಿದರು. ಅಂಥ ಆಟ ಇದ್ದಲ್ಲೇ ಉಳಿಯಿತು.

ಆ ಕಂಪನಿ 'ಇಲ್ಲ' ಅನ್ನುವ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಅಲ್ವಾ?

ನಿಮ್ಮ ಕಷ್ಟಗಳು ನಮಗೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಹಳೆಯ ಆಟಗಳ ಸೋರ್ಸ್ ಕೋಡ್, ಅಂದರೆ ಆಟವನ್ನು ಬರೆದ ಮೂಲ ಪ್ರೋಗ್ರಾಂ, ಎಷ್ಟೋ ಕಡೆ ಕಳೆದುಹೋಗಿದೆ. 2002ರ ಕಿಂಗ್‌ಡಮ್ ಹಾರ್ಟ್ಸ್ ಆಟವನ್ನು 2013ರಲ್ಲಿ ಮತ್ತೆ ತರುವಾಗ ಮೂಲ ಸಾಮಗ್ರಿ ಉಳಿದಿರಲಿಲ್ಲ. ಬಹಳಷ್ಟನ್ನು ಹೊಸದಾಗಿ ಮಾಡಬೇಕಾಯಿತು. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ತಂಡಕ್ಕೂ 1997ರ ಮೂಲ ಕೋಡ್ ಸಿಗಲಿಲ್ಲ. ಐಸ್‌ವಿಂಡ್ ಡೇಲ್‌ನ ಮೊದಲ ಭಾಗ 2014ರಲ್ಲಿ ಹೊಸ ರೂಪದಲ್ಲಿ ಬಂತು. ಎರಡನೇ ಭಾಗ ಬರಲಿಲ್ಲ, ಅದರ ಕೋಡ್ ಎಲ್ಲಿದೆ ಅಂತ ಯಾರಿಗೂ ಸಿಗಲಿಲ್ಲ. ಕೊನೆಗೆ ಅಭಿಮಾನಿಗಳೇ ಅದಕ್ಕೊಂದು ಸುಧಾರಿತ ಆವೃತ್ತಿ ಮಾಡಿಕೊಂಡರು.

ಫಾಲ್‌ಔಟ್ ವಿಷಯವನ್ನಂತೂ ನೀವೆಲ್ಲ ಓದಲೇಬೇಕು. 1997ರ ಆ ಆಟವನ್ನು ಕಟ್ಟಿದ ಟಿಮ್ ಕೇನ್ ಇಂಟರ್‌ಪ್ಲೇ ಕಂಪನಿ ಬಿಡುವಾಗ, ಅವರ ಬಳಿ ಇದ್ದ ಕೋಡ್, ಟಿಪ್ಪಣಿ ಎಲ್ಲವನ್ನೂ ನಾಶಮಾಡಲು ಹೇಳಲಾಗಿತ್ತು. ಅವರು ಹಾಗೇ ಮಾಡಿದರು. ಕೋಡ್ ಹೋಗಿಯೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. 2025ರಲ್ಲಿ, ಅದೇ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ರೆಬೆಕಾ ಹೈನ್‌ಮನ್ ತಮ್ಮ ಹತ್ತಿರ ಫಾಲ್‌ಔಟ್‌ನ ಮೊದಲ ಎರಡೂ ಭಾಗಗಳ ಕೋಡ್ ಇದೆ ಅಂದರು. ಒಬ್ಬರು ತಮ್ಮಷ್ಟಕ್ಕೆ ಪ್ರತಿ ಇಟ್ಟುಕೊಂಡಿದ್ದರಿಂದ ಅದು ಉಳಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಆಟ ಮಾಡಿದವರಿಗೆ ವಯಸ್ಸಾಗುತ್ತಿದೆ ಸ್ವಾಮಿ. ಸುಯ್ಕೋಡೆನ್ ಮೊದಲ ಎರಡು ಭಾಗಗಳ ರೀಮಾಸ್ಟರ್ 2022ರಲ್ಲಿ ಘೋಷಣೆಯಾಗಿ 2023ಕ್ಕೆ ಬರಬೇಕಿತ್ತು. ಬಂದಿದ್ದು 2025ರ ಮಾರ್ಚ್‌ನಲ್ಲಿ. ಆ ಸರಣಿಯನ್ನು ಹುಟ್ಟುಹಾಕಿದ ಯೋಶಿತಾಕ ಮುರಯಾಮ 2024ರ ಫೆಬ್ರವರಿಯಲ್ಲೇ ಹೋಗಿಬಿಟ್ಟಿದ್ದರು. ತಡ ಆಗುತ್ತದೆ ಅಂತ ಆ ಕಂಪನಿ ಮುಂಚಿತವಾಗಿ ತಿಳಿಸಿತ್ತು, ಅದಕ್ಕೆ ನಾವು ಋಣಿ. ಆದರೆ ಕಾಯುವ ಆಟಗಾರರಿಗೆ ಇರುವಷ್ಟು ಸಮಯ ಅದನ್ನು ಮಾಡಿದವರಿಗೆ ಇರುವುದಿಲ್ಲ.

ಹಕ್ಕಿನ ಗೋಜಲೂ ಗೊತ್ತು. 1999ರ ಸಿಸ್ಟಮ್ ಶಾಕ್ 2 ವರ್ಷಗಟ್ಟಲೆ ಎಲ್ಲೂ ಮಾರಾಟಕ್ಕೆ ಇರಲಿಲ್ಲ. ನೈಟ್‌ಡೈವ್ ಸ್ಟುಡಿಯೋಸ್‌ನ ಸ್ಟೀಫನ್ ಕಿಕ್ ಹುಡುಕುತ್ತಾ ಹೋದಾಗ ಹಕ್ಕು ಸಿಕ್ಕಿದ್ದು ಒಂದು ವಿಮಾ ಕಂಪನಿಯ ಹತ್ತಿರ. ಆಟ ಮಾಡಿದ ಸ್ಟುಡಿಯೋ 2000ದಲ್ಲೇ ಮುಚ್ಚಿತ್ತು. ಕಿಕ್ ಕೇಳಿದರು, ವಿಮಾ ಕಂಪನಿ ಉತ್ತರ ಕೊಟ್ಟಿತು, 2013ರಲ್ಲಿ ಆಟ ಮತ್ತೆ ಮಾರಾಟಕ್ಕೆ ಬಂತು. ಆಟಗಳ ಗಂಧಗಾಳಿ ಇಲ್ಲದ ಒಂದು ವಿಮಾ ಕಂಪನಿ ಉತ್ತರ ಕೊಡಬಲ್ಲದು ಅಂದಮೇಲೆ ಆಟಗಳನ್ನೇ ನಂಬಿ ಬದುಕುವ ನಿಮಗೆ ಅದು ಕಷ್ಟ ಆಗಬಾರದು.

ಲಾಭದ ಲೆಕ್ಕವೂ ನಮಗೆ ಅರ್ಥವಾಗುತ್ತದೆ. ನಿಮ್ಮಲ್ಲೇ ಒಬ್ಬರು ಅದನ್ನು ನೇರವಾಗಿ ಹೇಳಿದ್ದಾರೆ. 2019ರಲ್ಲಿ ಬಂದಾಯ್ ನಾಮ್ಕೊದ ಕತ್ಸುಹಿರೊ ಹರಾಡ ಝೀನೋಸಾಗಾ ಅನ್ನುವ ಆರ್‌ಪಿಜಿ ಸರಣಿಯ ಬಗ್ಗೆ ಮಾತಾಡಿದರು. ರೀಮಾಸ್ಟರ್ ಯೋಜನೆಯ ಹಂತದವರೆಗೂ ಹೋಗಿತ್ತು, ಮಾರುಕಟ್ಟೆಯ ಲೆಕ್ಕದಲ್ಲಿ ಲಾಭ ಕಾಣಲಿಲ್ಲ, ಮತ್ತೆ ಎತ್ತುವುದು ಕಷ್ಟ, ಕ್ಷಮಿಸಿ ಅಂದರು. ನನಗೆ ಝೀನೋಸಾಗಾ ಅಂದರೆ ಪ್ರಾಣ. ಓದಿ ಬೇಜಾರಾಯಿತು. ಆದರೂ ಹರಾಡ ಅವರ ಮೇಲೆ ಗೌರವ ಹೆಚ್ಚಿತು. ಯಾಕಂದರೆ ಅದು ಉತ್ತರ. ಆಮೇಲೆ ಎಷ್ಟೋ ಜನ ಕಾಯುವುದು ಬಿಟ್ಟು ಹಳೆಯ ಡಿಸ್ಕುಗಳನ್ನೇ ಹುಡುಕಿ ಆಡಿದರು. 'ಇಲ್ಲ' ಅಂದರೆ ನಾವು ಜಗಳಕ್ಕೆ ಬರುತ್ತೇವೆ ಅಂತ ನಿಮಗೆ ಭಯ ಇದ್ದರೆ ಈ ಉದಾಹರಣೆ ನೋಡಿ.

ಇದೆಲ್ಲ ಬರೀ ನೆನಪಿನ ಮೋಹ ಅಂತ ತಳ್ಳಿಹಾಕುವವರಿಗೆ ಎರಡು ಆಟಗಳ ಬಗ್ಗೆ ಹೇಳಬೇಕು.

ಆರ್ಕೇನಮ್, 2001. ಮಂತ್ರವಿದ್ಯೆ ಮತ್ತು ಹಬೆಯಂತ್ರ ಎರಡೂ ಇರುವ ಲೋಕ. ಒಂದು ಬೆಳೆದರೆ ಇನ್ನೊಂದು ಕೆಡುತ್ತದೆ. ಇದು ಕಥೆಯಲ್ಲಿ ಬರುವ ಮಾತಷ್ಟೇ ಅಲ್ಲ, ಆಟದ ಪ್ರತಿ ಲೆಕ್ಕದಲ್ಲೂ ಇದೆ. ಯಂತ್ರವಿದ್ಯೆಯಲ್ಲಿ ಮುಂದೆ ಹೋದವನಿಗೆ ಗಾಯವಾದರೆ ಮಾಂತ್ರಿಕ ಗೆಳೆಯ ಹಾಕುವ ಚಿಕಿತ್ಸೆಯ ಮಂತ್ರ ಸರಿಯಾಗಿ ತಾಗುವುದೇ ಇಲ್ಲ. ದೊಡ್ಡ ಮಾಂತ್ರಿಕನಾದರೆ ರೈಲಿನವರು ಹತ್ತಿಸಿಕೊಳ್ಳುವುದಿಲ್ಲ, ಎಂಜಿನ್ ಕೆಟ್ಟೀತು ಅನ್ನುತ್ತಾರೆ. ಬುದ್ಧಿಯ ಅಂಕ ತೀರಾ ಕಡಿಮೆ ಇಟ್ಟು ಪಾತ್ರ ಮಾಡಿದರೆ ಅವನ ಮಾತೆಲ್ಲ ತೊದಲು. ಅವನು ಬರೆಯುವ ದಿನಚರಿ ಕೂಡ ಅವನ ಭಾಷೆಯಲ್ಲೇ ಇರುತ್ತದೆ. ಯಾರೋ ಕೂತು ಇಡೀ ಆಟದ ಮಾತುಗಳನ್ನು ಇನ್ನೊಂದು ಸಲ ಬರೆದಿದ್ದಾರೆ, ಬಹುಪಾಲು ಆಟಗಾರರು ನೋಡದೇ ಇರುವ ದಾರಿಗಾಗಿ. ಅದನ್ನು ಮಾಡಿದ ಟ್ರೊಯಿಕಾ ಗೇಮ್ಸ್ 2005ರಲ್ಲಿ ಮುಚ್ಚಿತು. ಹಕ್ಕು ಕೈಯಿಂದ ಕೈಗೆ ದಾಟುತ್ತಾ ಹೋಯಿತು. ಆಟವೇನೋ ಈಗಲೂ ಕೊಳ್ಳಲು ಸಿಗುತ್ತದೆ. ಆದರೆ ಇವತ್ತಿನ ಕಂಪ್ಯೂಟರಿನಲ್ಲಿ ನೆಟ್ಟಗೆ ಓಡಬೇಕಾದರೆ ಅಭಿಮಾನಿಗಳು ಮಾಡಿದ ಪ್ಯಾಚೇ (ದೋಷ ಸರಿಪಡಿಸುವ ಸಣ್ಣ ಪ್ರೋಗ್ರಾಂ) ಗತಿ.

ಇನ್ನೊಂದು ಸ್ಕೈಸ್ ಆಫ್ ಆರ್ಕೇಡಿಯಾ. 2000ದಲ್ಲಿ ಡ್ರೀಮ್‌ಕಾಸ್ಟ್ ಅನ್ನುವ ಗೇಮ್ ಯಂತ್ರಕ್ಕೆ ಬಂತು, ಆಮೇಲೆ ಗೇಮ್‌ಕ್ಯೂಬ್ ಯಂತ್ರಕ್ಕೆ. ಅಲ್ಲಿಂದೀಚೆಗೆ ಎಲ್ಲೂ ಇಲ್ಲ. ಅದರಲ್ಲಿ ಹಡಗು ಆಕಾಶದಲ್ಲಿ ಹಾರುತ್ತದೆ. ನಕ್ಷೆಯಲ್ಲಿ ಇಲ್ಲದ ಏನೋ ಒಂದು ಹತ್ತಿರದಲ್ಲಿದ್ದರೆ ದಿಕ್ಸೂಚಿಯ ಮುಳ್ಳು ಗಿರಗಿರ ತಿರುಗುತ್ತದೆ. ಹಡಗನ್ನು ಆ ಕಡೆ ಈ ಕಡೆ ತಿರುಗಿಸಿ ಸರಿಯಾದ ಜಾಗದಲ್ಲಿ ಗುಂಡಿ ಒತ್ತಿದರೆ ಒಂದು ಹಳೆಯ ಅವಶೇಷವೋ ವಿಚಿತ್ರ ಪ್ರಾಣಿಯೋ ಸಿಗುತ್ತದೆ. ಆ ಸುದ್ದಿಯನ್ನು ನಾವಿಕರ ಸಂಘಕ್ಕೆ ಮಾರಬಹುದು. ತಡ ಮಾಡಿದರೆ ಬೆಲೆ ಇಳಿಯುತ್ತದೆ. ಹೊಸದನ್ನು ಮೊದಲು ಕಾಣುವ ಖುಷಿಯನ್ನೇ ಆಟವಾಗಿ ಮಾಡಿದ್ದಾರೆ. ಇದರ ರೀಮಾಸ್ಟರ್ ಸುದ್ದಿ ಎಷ್ಟು ಸಲ ಎದ್ದು ಬಿದ್ದಿದೆಯೋ ಲೆಕ್ಕ ಇಟ್ಟವರಿಲ್ಲ. ಹೊಸದಾಗಿ ಆಡಬೇಕು ಅನ್ನುವ ಹುಡುಗನೊಬ್ಬ ನನ್ನನ್ನು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ನಾನು ಏನು ಹೇಳಲಿ? ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಾರುವವರು ಗಾಳಿಸುದ್ದಿ ಎದ್ದಾಗಲೆಲ್ಲ ಬೆಲೆ ಏರಿಸುತ್ತಾರೆ. ಆ ಹಣದಲ್ಲಿ ಒಂದು ಕಾಸೂ ನಿಮಗೆ ಬರುವುದಿಲ್ಲ, ಆಟ ಮಾಡಿದವರಿಗೂ ಬರುವುದಿಲ್ಲ.

ಇವೆರಡೇ ಅಲ್ಲ. ಪ್ಯಾಂಜರ್ ಡ್ರಗೂನ್ ಸಾಗಾ 1998ರಲ್ಲಿ ಸೆಗಾ ಸ್ಯಾಟರ್ನ್ ಗೇಮ್ ಯಂತ್ರಕ್ಕೆ ನಾಲ್ಕು ಡಿಸ್ಕುಗಳಲ್ಲಿ ಬಂದದ್ದು, ಮತ್ತೆ ಬರಲೇ ಇಲ್ಲ. ಮದರ್ 3 ಬಿಡುಗಡೆಯಾಗಿದ್ದು 2006ರಲ್ಲಿ, ಇವತ್ತಿಗೂ ಜಪಾನಿನ ಹೊರಗೆ ಅಧಿಕೃತವಾಗಿ ಬಂದಿಲ್ಲ. ಇಂಗ್ಲಿಷಿನಲ್ಲಿ ಆಡಿದವರೆಲ್ಲ 2008ರ ಅಭಿಮಾನಿ ಅನುವಾದದಲ್ಲಿ ಆಡಿದವರು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಅಂತ ಅದರಲ್ಲಿದೆ. ಗ್ರಂಥಾಲಯಗಳು ಇಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ತೋರಿಸಲು ಅನುಮತಿ ಕೇಳಿದವು. ನಿಮ್ಮ ಉದ್ಯಮದ ಸಂಘವೇ ವಿರೋಧಿಸಿತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಅನುಮತಿ ನಿರಾಕರಿಸಿತು. ನೀವು ಮಾರುವುದಿಲ್ಲ, ಗ್ರಂಥಾಲಯಕ್ಕೆ ತೋರಿಸಲು ಬಿಡುವುದಿಲ್ಲ, ಮುಂದೆ ಏನು ಮಾಡುತ್ತೀರಿ ಅಂತ ಹೇಳುವುದೂ ಇಲ್ಲ. ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ.

ರೀಮಾಸ್ಟರ್ ಬಂದೇಬಿಟ್ಟಿತು ಅಂದಾಗಲೂ ನಮ್ಮ ಎದೆ ಡವಡವ ಅನ್ನುತ್ತದೆ. ಬೇಟನ್ ಕೈಟೋಸ್ 2023ರಲ್ಲಿ ಬಂದಾಗ ಹಳೆಯ ಇಂಗ್ಲಿಷ್ ದನಿಗಳನ್ನು ತೆಗೆದುಹಾಕಿದ್ದರು. ಕ್ರೋನೋ ಕ್ರಾಸ್ ಕೆಲವು ಕಡೆ 1999ರ ಮೂಲಕ್ಕಿಂತ ನಿಧಾನ ಓಡುತ್ತಿತ್ತು. ಅದು ಸರಿಹೋಗಲು 2023ರ ಪ್ಯಾಚ್ ಬರಬೇಕಾಯಿತು. ಫೈನಲ್ ಫ್ಯಾಂಟಸಿಯ ಐದು ಮತ್ತು ಆರನೇ ಭಾಗಗಳ ಹೊಸ ಆವೃತ್ತಿ ಬರುವ ಹೊತ್ತಿಗೆ, 2021ರಲ್ಲಿ, ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿದ್ದ ಹಳೆಯವನ್ನು ಮಾರಾಟದಿಂದ ಹಿಂತೆಗೆದರು. ಹೊಸದು ಚೆನ್ನಾಗಿದೆಯೋ ಇಲ್ಲವೋ ಅದು ಬೇರೆ ಮಾತು. ಹಳೆಯದನ್ನು ಯಾಕೆ ಕಿತ್ತುಕೊಳ್ಳಬೇಕು?

ಚೆನ್ನಾಗಿ ಮಾಡಿದವರೂ ಇದ್ದಾರೆ, ಅವರನ್ನು ನೆನೆಯದೆ ಇರಲಾರೆ. 1981ರ ವಿಝರ್ಡ್ರಿಯನ್ನು ಡಿಜಿಟಲ್ ಎಕ್ಲಿಪ್ಸ್ 2024ರಲ್ಲಿ ಪೂರ್ತಿ ಹೊಸದಾಗಿ ತಂದಿತು. ಒಳಗೆ ಓಡುತ್ತಿರುವುದು ಹಳೆಯ ಆಟವೇ. ಬೇಕಾದರೆ ಪರದೆಯ ಮೂಲೆಯಲ್ಲಿ ಆಪಲ್ 2 ಕಂಪ್ಯೂಟರಿನ ಆ ಗೆರೆಗಳ ಗೋಡೆ, ಆ ಅಂಕಿಗಳು ಹಾಗೇ ಕಾಣುತ್ತವೆ. ಹೊಸ ಬಣ್ಣದ ದೆವ್ವ ದೊಡ್ಡದಾಗಿ ಎದುರಿಗೆ ನಿಂತಿರುತ್ತದೆ, ಅದೇ ದೆವ್ವ ಸಣ್ಣ ಕಿಟಕಿಯಲ್ಲಿ ಹಳೆಯ ಚುಕ್ಕಿಗಳಲ್ಲಿ ನಿಂತಿರುತ್ತದೆ. ಸಾಗಾ ಫ್ರಾಂಟಿಯರ್ 2021ರಲ್ಲಿ ಬಂದಾಗ, 1997ರಲ್ಲಿ ಸಮಯ ಸಾಲದೆ ಕೈಬಿಟ್ಟಿದ್ದ ಫ್ಯೂಸ್ ಅನ್ನುವ ಪಾತ್ರದ ಕಥೆಯನ್ನು ಸೇರಿಸಿದರು. 1994ರ ಲಿವ್ ಎ ಲಿವ್ 2022ರಲ್ಲಿ ಮೊದಲ ಸಲ ಜಪಾನಿನಿಂದ ಆಚೆ ಬಂತು. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್‌ನಲ್ಲಿ ಕೋಡ್ ಕಳೆದಿದ್ದರೂ ಹೊಸ ರೂಪ, ಹಳೆಯ ರೂಪ ಎರಡನ್ನೂ ಒಟ್ಟಿಗೇ ಕೊಟ್ಟರು. ಮನಸ್ಸು ಮಾಡಿದರೆ ಆಗುತ್ತದೆ.

ಈಗ ನಮ್ಮ ಕೋರಿಕೆ. ಎಲ್ಲ ಹಳೆಯ ಆಟಗಳನ್ನೂ ರೀಮಾಸ್ಟರ್ ಮಾಡಿ ಅಂತ ನಾವು ಕೇಳುತ್ತಿಲ್ಲ. ನಿಮ್ಮ ಬಳಿ ಇರುವ ಹಳೆಯ ಆರ್‌ಪಿಜಿಗಳ ಸ್ಥಿತಿ ಏನು ಅಂತ ವರ್ಷಕ್ಕೊಮ್ಮೆ ಬಹಿರಂಗವಾಗಿ ತಿಳಿಸಿ. ಈ ಆಟದ ಹಕ್ಕು ನಮ್ಮದು, ಅಥವಾ ಇಂಥವರ ಜೊತೆ ಹಂಚಿಕೆಯಾಗಿದೆ. ಕೋಡ್ ಇದೆ, ಅಥವಾ ಇಲ್ಲ. ಸದ್ಯಕ್ಕೆ ಮರುಬಿಡುಗಡೆಯ ಯೋಚನೆ ಇಲ್ಲ. ಒಂದು ಆಟಕ್ಕೆ ಇಷ್ಟು ಬರೆದರೆ ಸಾಕು. ಗುಟ್ಟಾಗಿ ನಡೆಯುತ್ತಿರುವ ಕೆಲಸದ ಬಗ್ಗೆ ಹೇಳಲಾಗದು ಅನ್ನುವುದು ನ್ಯಾಯವೇ. ಅಂಥವನ್ನು ಬಿಡಿ. ಯಾರೂ ಮುಟ್ಟದೆ ಮೂಲೆಗುಂಪಾಗಿರುವ ಆಟಗಳ ಬಗ್ಗೆ ಗುಟ್ಟು ಯಾಕೆ ಬೇಕು?

ರೀಮಾಸ್ಟರ್ ಆಗದ ಆಟವನ್ನು ಇದ್ದ ಹಾಗೇ ಮಾರಿ. ಹೊಳಪು ಬೇಡ, ಹೊಸ ಸಂಗೀತ ಬೇಡ. ಅದು ಓಡಿದರೆ ಸಾಕು, ದುಡ್ಡು ಕೊಟ್ಟು ಕೊಳ್ಳುತ್ತೇವೆ. ರೀಮಾಸ್ಟರ್ ಬಂದ ದಿನ ಹಳೆಯದನ್ನು ಅಂಗಡಿಯಿಂದ ತೆಗೆಯಬೇಡಿ. ನಾನೇ ದುಡ್ಡು ಕೊಟ್ಟು ಕೊಂಡಿದ್ದ ಆಟಗಳಿದ್ದ ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಯಂತ್ರದ ಆನ್‌ಲೈನ್ ಅಂಗಡಿ ಮುಚ್ಚಿದಾಗ, ಅದರಲ್ಲಿ ಮಾತ್ರ ಸಿಗುತ್ತಿದ್ದ ಕೆಲವು ಆರ್‌ಪಿಜಿಗಳು ಹೊಸಬರಿಗೆ ಶಾಶ್ವತವಾಗಿ ಇಲ್ಲವಾದವು. ಕೋಡಿನ ಒಂದು ಪ್ರತಿಯನ್ನು ಯಾವುದಾದರೂ ನಂಬಿಕೆಯ ಸಂಗ್ರಹಾಲಯದಲ್ಲಿ ಇಡಿ. ಬೇಕಾದರೆ ಬೀಗ ಹಾಕಿ ಇಡಿ, ಇಷ್ಟು ವರ್ಷ ತೆರೆಯಬಾರದು ಅಂತ ಬರೆಸಿ ಇಡಿ.

ಅಭಿಮಾನಿಗಳ ಅನುವಾದ, ಪ್ಯಾಚುಗಳ ವಿಷಯದಲ್ಲಿ ಒಂದು ಮಾತು. ಕ್ರೋನೋ ಟ್ರಿಗರ್ ಆಧರಿಸಿ ಅಭಿಮಾನಿಗಳು ವರ್ಷಗಟ್ಟಲೆ ಕಟ್ಟಿದ ಕ್ರಿಮ್ಸನ್ ಎಕೋಸ್ ಮುಗಿಯುವ ಹೊತ್ತಿಗೆ, 2009ರಲ್ಲಿ, ವಕೀಲರ ನೋಟಿಸು ಬಂತು. ಹಕ್ಕು ನಿಮ್ಮದೇ, ಅದರಲ್ಲಿ ತಕರಾರಿಲ್ಲ. ಬೇಡ ಅನ್ನುವುದಾದರೆ ಕೆಲಸ ಶುರುವಾದಾಗಲೇ ಅನ್ನಿ. ನಿಮ್ಮ ನಿಯಮ ಏನು ಅಂತ ಒಂದು ಪುಟ ಬರೆದು ಹಾಕಿ. ಸುಮ್ನೆ ನೋಡುತ್ತಾ ಕೂತು ಕೊನೆಯ ವಾರ ನಿಲ್ಲಿಸುವುದು ಯಾರಿಗೂ ಒಳ್ಳೆಯದಲ್ಲ.

ನಮ್ಮ ಕಡೆಯಿಂದಲೂ ಕೊಡಲು ಇದೆ. ಹಳೆಯ ಡಿಸ್ಕುಗಳು, ಕೈಪಿಡಿಗಳು, ನಕ್ಷೆಗಳು, ಪತ್ರಿಕೆಗಳಲ್ಲಿ ಬಂದ ಸಂದರ್ಶನಗಳು, ಯಾವ ದೋಷ ಯಾವ ಕೋಣೆಯಲ್ಲಿ ಆಗುತ್ತದೆ ಅನ್ನುವ ಟಿಪ್ಪಣಿಗಳನ್ನೆಲ್ಲ ಜನ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಿಮ್ಮ ಹತ್ತಿರವೇ ಇಲ್ಲದ್ದು ಎಷ್ಟೋ ಇದರಲ್ಲಿರಬಹುದು. ಕೇಳಿದರೆ ಕೊಡುತ್ತಾರೆ, ಹಣ ಕೇಳದೆ ಕೊಡುತ್ತಾರೆ. ಯಾರಿಗೆ ಕಳಿಸಬೇಕು ಅಂತ ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದು ವಿಳಾಸ ಪ್ರಕಟಿಸಿ, ಅದಕ್ಕೆ ಉತ್ತರ ಬರೆಯುವ ಒಬ್ಬರನ್ನು ನೇಮಿಸಿ. ಒಂದೇ ಸಲಕ್ಕೆ ಎಲ್ಲವೂ ಆಗದಿದ್ದರೆ, ಈ ವರ್ಷ ನಿಮ್ಮ ಪಟ್ಟಿಯಿಂದ ಒಂದೇ ಒಂದು ಆಟದ ಸ್ಥಿತಿಯನ್ನು ತಿಳಿಸಿ. ಯಾವುದು ಅನ್ನುವುದನ್ನು ನೀವೇ ಆರಿಸಿ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ನಿಮ್ಮ ವಿಶ್ವಾಸಿ,
ಹಳೆಯ ಆರ್‌ಪಿಜಿಗಳ ಒಬ್ಬ ಆಟಗಾರ